ಮನೆಯೊಳಗಣ ಕಸುಬು

ವಾಸಕ್ಕೆ ಮನೆ, ವ್ಯಾಪಾರಕ್ಕೆ ಅಂಗಡಿ ಎಂಬ ವಿಭಾಗವು ಪಟ್ಟಣಗಳ ನಕ್ಷೆಯನ್ನು ಬರೆಯುವವರಿಗೆ ಬಹು ಅನುಕೂಲವಾದುದು. ಒಂದಕ್ಕೆ ಹಳದಿಯ ಬಣ್ಣವನ್ನೂ ಇನ್ನೊಂದಕ್ಕೆ ನೀಲಿಯ ಬಣ್ಣವನ್ನೂ ಹಚ್ಚಿದರೆ ಅವರ ಕೆಲಸವು ತೀರಿತು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಮನೆಗಳ ಒಳಹೊಕ್ಕು ನೋಡಿದವರಿಗೆ ಈ ವಿಭಾಗವು ಎಷ್ಟರಮಟ್ಟಿಗೆ ಕೃತಕವೆಂಬುದು ತಿಳಿಯದೆ ಇರದು. ನಮ್ಮ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರವಾದುದು 1939ನೆಯ ಇಸವಿ ಜುಲೈ 1ನೆಯ ತಾರೀಖು. ಅದಕ್ಕೆ ಮುಂಚೆಯೂ ಅದರ ಅನಂತರವೂ ಇಲ್ಲಿಯ ಮನೆಯೆಂಬುದು ಉಂಡು ಮಲಗುವ ಸ್ಥಳ ಮಾತ್ರವಾಗಿರಲಿಲ್ಲ. ಹುಳು ಸಾಕುವುದು, ಬಟ್ಟೆ ಹೊಲಿಯುವುದು, ಹೂ ಕಟ್ಟುವುದು, ಹಪ್ಪಳ ಒತ್ತುವುದು, ಜಾತಕ ಬರೆಯುವುದು, ಹುಡುಗರಿಗೆ ಪಾಠ ಹೇಳುವುದು ಇವೆಲ್ಲವೂ ಒಂದೇ ಸೂರಿನ ಕೆಳಗೆ, ಎಷ್ಟೋ ವೇಳೆ ಒಂದೇ ಅಂಕಣದಲ್ಲಿ ನಡೆಯುತ್ತಿದ್ದುವು, ಈಗಲೂ ನಡೆಯುತ್ತಿರುವುವು. ಇವರನ್ನು ವ್ಯಾಪಾರಿಗಳೆಂದು ಯಾರೂ ಕರೆಯುವುದಿಲ್ಲ. ಅವರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ.

ನಾನು ವ್ಯವಹಾರಜ್ಞನಲ್ಲ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಸಾಹಿತ್ಯವನ್ನೂ ತಕ್ಕಮಟ್ಟಿಗೆ ಧರ್ಮಶಾಸ್ತ್ರವನ್ನೂ ಓದಿ, ಮೂವತ್ತು ವರ್ಷಗಳ ಮೇಲೆ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪಾಠಹೇಳಿ ವಿಶ್ರಾಂತನಾದವನು. ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನು ಒಳಗೊಂಡ ವಿದ್ಯೆಗೆ ನಮ್ಮ ಹಿರಿಯರು ‘ವಾರ್ತಾ’ ಎಂದು ಹೆಸರಿಟ್ಟಿದ್ದರು. ಈಗ ವಾರ್ತೆಯೆಂದರೆ ಆಕಾಶವಾಣಿಯ ಸುದ್ದಿಯೆಂದೇ ಎಲ್ಲರೂ ತಿಳಿಯುವರು. ನಾನು ತರಗತಿಯಲ್ಲಿ ಆ ಶಬ್ದದ ಅರ್ಥವನ್ನು ವಿವರಿಸುತ್ತಿದ್ದೆನೇ ಹೊರತು ಆ ವಿದ್ಯೆಯ ಹತ್ತಿರ ಸುಳಿದವನಲ್ಲ. ಹೀಗಿದ್ದರೂ ಎರಡು ವರ್ಷಗಳಿಂದ ಮನೆಯೊಳಗಣ ಕಸುಬಿನ ನಿಯಮಗಳನ್ನು ಓದುವ ಕೆಲಸವು ನನ್ನ ಪಾಲಿಗೆ ಬಂದಿದೆ. ಗಂಡನನ್ನು ಕಳೆದುಕೊಂಡು ಮಳವಳ್ಳಿಯಲ್ಲಿ ನಮ್ಮೊಡನೆ ಇರುವ ನನ್ನ ತಂಗಿಯು ಹಪ್ಪಳ ಸಂಡಿಗೆಗಳನ್ನು ಮಾಡಿ ಮಾರಬೇಕೆಂದು ನಿಶ್ಚಯಿಸಿದಳು. ಅವಳ ಮಗಳು ಶುಶ್ರೂಷಾವಿದ್ಯೆಯನ್ನು ಓದುತ್ತಿರುವಳು. ಅದರ ಶುಲ್ಕವು ಅಲ್ಪವಾದುದಲ್ಲ. ಅಣ್ಣನ ಪಿಂಚಣಿಯಲ್ಲಿ ಕೈಯಿಡಲು ಅವಳಿಗೆ ಮನಸ್ಸಿಲ್ಲ. ಕಾಗದಗಳನ್ನು ನೋಡುವ ಭಾರವನ್ನು ಮಾತ್ರ ನನಗೆ ಬಿಟ್ಟಳು.

ಹಪ್ಪಳದ ವಿಚಾರಕ್ಕೆ ಬರುವ ಮುನ್ನ ರೇಷ್ಮೆಯ ವಿಚಾರವನ್ನು ಹೇಳುವುದು ಯುಕ್ತ. ಈ ಸೀಮೆಯಲ್ಲಿ ಮನೆಯ ಕಸುಬಿಗೆ ಕಾನೂನು ಕೈಹಾಕಿದ ದೊಡ್ಡ ದೃಷ್ಟಾಂತವು ಅದೇ. ನಾನು ಕೆಲವು ವರ್ಷ ಉಪಾಧ್ಯಾಯನಾಗಿದ್ದ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಬಿಡಾರದ ಮಗ್ಗುಲಿಗೆ ಹುಳು ಸಾಕುವ ಗೌಡರ ಮನೆಯಿದ್ದಿತು. ಮೊಟ್ಟೆಯೊಡೆದು ಬಂದ ಹುಳುವು ನಾಲ್ಕು ಸಲ ಜ್ವರಕ್ಕೆ ಕೂರುವುದು. ಜ್ವರವೆಂದರೆ ರೋಗವಲ್ಲ, ಮೇವು ಬಿಟ್ಟು ಪೊರೆ ಕಳಚುವ ಅವಸ್ಥೆಗೆ ರೈತರು ಇಟ್ಟ ಹೆಸರು. ನಾಲ್ಕನೆಯ ಜ್ವರದಿಂದೆದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಹಗಲಿರುಳು ಹಿಪ್ಪುನೇರಳೆಯ ಸೊಪ್ಪನ್ನು ಹಾಕುತ್ತಲೇ ಇರಬೇಕು. ರಾತ್ರಿಯ ನಿಶ್ಶಬ್ದದಲ್ಲಿ ಆ ಸಾವಿರಾರು ಬಾಯಿಗಳು ಸೊಪ್ಪನ್ನು ಕತ್ತರಿಸುವ ಸದ್ದು ಸೋಗೆಯ ಮಾಡಿನ ಮೇಲೆ ಸಣ್ಣ ಮಳೆ ಬಿದ್ದಂತೆ ಗೋಡೆಯಾಚೆ ನನಗೆ ಕೇಳಿಸುತ್ತಿದ್ದಿತು. ಆ ದಿನಗಳಲ್ಲಿ ನಡುಮನೆಯು ಹುಳುವಿನದು, ಜಗುಲಿಯು ಮನುಷ್ಯರದು. ಕಟುವಾದ ಒಗ್ಗರಣೆ ಹಾಕಕೂಡದು, ಹೊಗೆಸೊಪ್ಪು ಕೂಡದು, ಹೊರಗಿನವರು ಒಳಗೆ ಬರಕೂಡದು, ಬರುವವರು ಕಾಲು ತೊಳೆಯದೆ ಹೊಸ್ತಿಲು ದಾಟಕೂಡದು. ಇವು ಯಾವ ಸರ್ಕಾರವೂ ಬರೆದ ನಿಯಮಗಳಲ್ಲ, ಆದರೂ ಸರ್ಕಾರದ ನಿಯಮಗಳಿಗಿಂತ ಚೆನ್ನಾಗಿ ನಡೆಯುತ್ತಿದ್ದುವು.

ಈ ನಿಯಮಗಳನ್ನೆಲ್ಲ ನಡೆಸುತ್ತಿದ್ದವಳು ಆ ಮನೆಯ ಗೃಹಿಣಿ. ನಡುರಾತ್ರಿಯಲ್ಲಿ ಎದ್ದು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದವಳೂ, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದವಳೂ ಅವಳೇ. ಒಂದು ದಿನ ನಾನು ಗೂಡು ಚೆನ್ನಾಗಿ ಬಂದಿದೆಯೆಂದು ಅವಳನ್ನು ಪ್ರಶಂಸಿಸಿದಾಗ ಅವಳು ನಕ್ಕು, “ಹುಳ ಇರೋವರ್ಗೂ ನಂದು ಮೇಷ್ಟ್ರೇ, ಗೂಡಾದ್ಮೇಲೆ ನಮ್ಮ್ ಯಜಮಾನ್ರದು” ಎಂದಳು. ಈ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ನಿಂತಿದೆ.

ಗೂಡೆಂಬುದು ಕಾದಿಟ್ಟು ಮಾರುವ ಸರಕಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಒಳಗಣ ಪತಂಗವು ಗೂಡನ್ನು ತೂತುಮಾಡಿಕೊಂಡು ಹೊರಬರುವುದು. ತೂತಾದ ಗೂಡಿನಿಂದ ಅಖಂಡವಾದ ನೂಲು ಬಾರದು. ಆದುದರಿಂದ ಮಾರುವವನಿಗೆ ಆತುರ, ಕೊಳ್ಳುವವನಿಗೆ ಸಾವಧಾನ. ಹಿಂದೆ ದಳ್ಳಾಳಿಯು ಮನೆಯ ಬಾಗಿಲಿಗೇ ಬಂದು, ತನ್ನ ತಕ್ಕಡಿಯಲ್ಲಿಯೋ ಅಥವಾ ಕಣ್ಣಂದಾಜಿನಲ್ಲಿಯೋ ತೂಗಿ, ಮುಂಗಡದ ಬಾಬ್ತನ್ನು ಮುರಿದುಕೊಂಡು ಉಳಿದುದನ್ನು ಕೊಟ್ಟು ಹೋಗುತ್ತಿದ್ದನೆಂದು ಆ ಊರಿನ ಮುದುಕರು ಹೇಳುತ್ತಿದ್ದರು. ಈ ಸ್ಥಿತಿಗೆ ಪ್ರತೀಕಾರವಾಗಿ ಬಂದುದು 1959ನೆಯ ಇಸವಿಯ ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲುಗಳ ನಿಯಂತ್ರಣದ ಕಾಯಿದೆ. ಮೊಟ್ಟೆಯನ್ನು ತಯಾರಿಸುವವನಿಗೂ ನೂಲು ಬಿಚ್ಚುವವನಿಗೂ ರಹದಾರಿಯಿರತಕ್ಕದ್ದು, ಗೂಡನ್ನು ಗೊತ್ತಾದ ಮಾರುಕಟ್ಟೆಯಲ್ಲಿಯೇ ಬಹಿರಂಗ ಹರಾಜಿನಲ್ಲಿ ಮಾರತಕ್ಕದ್ದು ಎಂಬುದು ಅದರ ಸಾರಾಂಶ. ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ನಮ್ಮ ಕಡೆಯ ರೈತರು ಹೋಗುವುದುಂಟು. ಕೊಳ್ಳೇಗಾಲಕ್ಕೆ ಹೋಗುವವರೂ ಉಂಟು. ಕೂಗಿನ ಹರಾಜು ಹೋಗಿ ಈಗ ಯಂತ್ರದ ಹರಾಜು ಬಂದಿದೆ. ಬೆಲೆಯು ಒಪ್ಪಿಗೆಯಾಗದಿದ್ದರೆ ಮುಂದಿನ ಸುತ್ತಿಗೆ ಕಾಯಬಹುದು.

ಈ ಕಾಯಿದೆಯಲ್ಲಿ ನನಗೆ ಮೆಚ್ಚಿಕೆಯಾದ ಒಂದು ವಿಶೇಷವುಂಟು. ಅದು ಹುಳು ಸಾಕುವ ಮನೆಯ ಹೊಸ್ತಿಲನ್ನು ಬಹುಮಟ್ಟಿಗೆ ದಾಟಲಿಲ್ಲ. ಮೊಟ್ಟೆಯು ಒಳಗೆ ಬರುವ ಬಾಗಿಲಿನಲ್ಲಿ ಒಮ್ಮೆ, ಗೂಡು ಹೊರಗೆ ಹೋದ ಮೇಲೆ ತಕ್ಕಡಿಯ ಮುಂದೆ ಒಮ್ಮೆ ನಿಂತುಕೊಂಡಿತು. ಮೊಟ್ಟೆಯ ವಿಚಾರದಲ್ಲಿ ನಿಲ್ಲಲೇಬೇಕಾಗಿದ್ದಿತು. ಪೆಬ್ರೀನ್ ಎಂಬ ರೋಗವು ತಾಯಿಪತಂಗದಿಂದ ಮೊಟ್ಟೆಗೆ ಬರುವುದೆಂದೂ, ಪತಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವುಳ್ಳದರ ಮೊಟ್ಟೆಗಳನ್ನು ತೆಗೆದುಹಾಕಬೇಕೆಂದೂ 1865ರಿಂದ ಮುಂದಿನ ಐದಾರು ವರ್ಷಗಳಲ್ಲಿ ಫ್ರಾನ್ಸ್ ದೇಶದ ಪಾಶ್ಚರ್ ಪಂಡಿತನು ತೋರಿಸಿಕೊಟ್ಟನು. ಒಂದು ಮನೆಯ ಕೆಟ್ಟ ಮೊಟ್ಟೆಯು ಊರಿನ ಹುಳುಗಳಿಗೆಲ್ಲ ಮೃತ್ಯುವಾಗಬಹುದಾದ ಕಡೆಯಲ್ಲಿ ಮನೆಯ ಸ್ವಾತಂತ್ರ್ಯವೆಂಬ ವಾದವು ನಿಲ್ಲದು. ಆದರೆ ಪಕ್ಕದ ಮನೆಯ ಗೃಹಿಣಿಯು ಹೇಳಿದ ಮಾತಿಗೆ ಈ ಕಾಯಿದೆಯಲ್ಲಿಯೂ ಉತ್ತರವಿರಲಿಲ್ಲ. ಮಾರುಕಟ್ಟೆಯ ಚೀಟಿಯ ಮೇಲೆ ಬರುತ್ತಿದ್ದುದು ಗೌಡರ ಹೆಸರೇ.

ಆಲೆಮನೆಯ ವಿಚಾರವನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನಲ್ಲಿ ಮನೆಯೆಂದಿದ್ದರೂ ಅದು ಗದ್ದೆಯ ಬದಿಯ ಕಾರ್ಖಾನೆ. ಮದ್ದೂರಿನ ವಡೆಯೂ ರೈಲುನಿಲ್ದಾಣದಲ್ಲಿ ಹುಟ್ಟಿದುದೇ ಹೊರತು ಮನೆಯಲ್ಲಿ ಅಲ್ಲ.

ಇನ್ನು ಹಪ್ಪಳ. ಇದರಲ್ಲಿ ಮೊದಲು ಅಡ್ಡಬಂದುದು ಸರ್ಕಾರದ ನಿಯಮವಲ್ಲ, ನಮ್ಮ ಮನೆತನದ ನಿಯಮ. ಅನ್ನವಿಕ್ರಯವು ನಿಷಿದ್ಧವೆಂದು ನಮ್ಮ ದೊಡ್ಡಪ್ಪನವರ ಮನೆಯವರು ಹೇಳಿಕಳುಹಿಸಿದರು. ಮಾಡಿದ ಹಪ್ಪಳವನ್ನು ಬೀದಿಯವರಿಗೆಲ್ಲ ಹಂಚುವುದು ನಮ್ಮ ತಾಯಿಯವರ ಕಾಲದಿಂದಲೂ ಇದ್ದ ಪದ್ಧತಿ. ತೆಗೆದುಕೊಂಡವರು ಉದ್ದನ್ನೋ ಅಕ್ಕಿಯನ್ನೋ ಎಳನೀರನ್ನೋ ತಂದು ಕೊಟ್ಟು ಹೋಗುತ್ತಿದ್ದರು. ಬೆಲೆಯೆಂಬ ಶಬ್ದವನ್ನು ಉಚ್ಚರಿಸದಿದ್ದರೆ ಅದು ವಿಕ್ರಯವಲ್ಲವೆಂಬುದು ಎಲ್ಲರ ಸಮ್ಮತಿ. ತಂಗಿಯು ಆ ಶಬ್ದವನ್ನು ಉಚ್ಚರಿಸಿದಳು; ಇದೇ ಅವಳ ಅಪರಾಧ.

ಧರ್ಮಶಾಸ್ತ್ರವನ್ನು ಓದಿದವನೆಂದು ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ, ಆಪತ್ಕಾಲದಲ್ಲಿ ವೈಶ್ಯವೃತ್ತಿಯನ್ನು ಅವಲಂಬಿಸಿದ ಬ್ರಾಹ್ಮಣನು ಮಾರಬಾರದ ವಸ್ತುಗಳ ಒಂದು ಉದ್ದವಾದ ಪಟ್ಟಿಯಿರುವುದು ನಿಜ. ಬೇಯಿಸಿದ ಅನ್ನವು ಅದರಲ್ಲಿ ಸೇರಿರುವುದೂ ನಿಜ. ಆದರೆ ಅದೇ ಪಟ್ಟಿಯಲ್ಲಿ ಹಾಲಿದೆ, ಮೊಸರಿದೆ, ತುಪ್ಪವಿದೆ, ಎಣ್ಣೆಯಿದೆ, ಎಲ್ಲಕ್ಕಿಂತಲೂ ಮುಖ್ಯವಾಗಿ ಬೆಲ್ಲವಿದೆ! ದೊಡ್ಡಪ್ಪನವರ ಮನೆಯ ಹಾಲು ಪ್ರತಿದಿನವೂ ಡೇರಿಗೆ ಹೋಗುತ್ತಿದೆ. ಅವರ ಗದ್ದೆಯ ಕಬ್ಬು ಆಲೆಮನೆಗೆ ಹೋಗಿ ಅಚ್ಚುಬೆಲ್ಲವಾಗಿ ಮಂಡ್ಯದ ಮಂಡಿಯನ್ನು ಸೇರುತ್ತಿದೆ. ಬೆಲ್ಲವನ್ನು ಮಾರಿ ಬದುಕುವ ಜಿಲ್ಲೆಯಲ್ಲಿ ಕುಳಿತು ಆ ಪಟ್ಟಿಯಿಂದ ಹಪ್ಪಳವೊಂದನ್ನೇ ಆಯ್ದು ಹೇಳುವುದು ಶಾಸ್ತ್ರಾರ್ಥವಾಗಲಾರದು. ಇಷ್ಟನ್ನು ವಿನಯಪೂರ್ವಕವಾಗಿ ಬರೆದು ಕಳುಹಿಸಿದೆನು. ಉತ್ತರವು ಬರಲಿಲ್ಲ; ಆದರೆ ಮುಂದಿನ ಯುಗಾದಿಯ ಹೊತ್ತಿಗೆ ಅವರ ಸೊಸೆಯೇ ಎರಡು ನೂರು ಹಪ್ಪಳಕ್ಕೆ ಹೇಳಿಕಳುಹಿಸಿದಳು. ದುಡ್ಡನ್ನೂ ಕೊಟ್ಟಳು.

ಸರ್ಕಾರದ ನಿಯಮಕ್ಕೆ ಬರೋಣ. ಆಹಾರ ಸುರಕ್ಷತೆ ಮತ್ತು ಗುಣಮಟ್ಟಗಳ ಕಾಯಿದೆಯು 2006ನೆಯ ಇಸವಿಯದು. ರಹದಾರಿ ಮತ್ತು ನೋಂದಣಿಗಳ ನಿಯಮಾವಳಿಯು 2011ನೆಯ ಇಸವಿಯದು. ವರ್ಷಕ್ಕೆ 12 ಲಕ್ಷ ರೂಪಾಯಿಗಳನ್ನು ಮೀರದ ವಹಿವಾಟಿನ ಸಣ್ಣ ತಯಾರಕರಿಗೆ ದೊಡ್ಡ ರಹದಾರಿ ಬೇಡ, ನೋಂದಣಿ ಸಾಕು ಎಂದು ಆ ನಿಯಮಾವಳಿಯು ಗೊತ್ತುಮಾಡಿತು. ನನ್ನ ತಂಗಿಯು ವರ್ಷಕ್ಕೆ 100 ರೂಪಾಯಿ ಶುಲ್ಕವನ್ನು ಕಟ್ಟಿ ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಪಡೆದಳು. ಮನೆಯಲ್ಲಿ ಮಾಡುವುದೆಂಬ ಕಾರಣಕ್ಕೆ ಈ ಕಾಯಿದೆಯಲ್ಲಿ ವಿನಾಯಿತಿಯಿಲ್ಲ. ಸಂತೆಯಲ್ಲಿ ಬುಟ್ಟಿಯಿಟ್ಟು ಮಾರುವವಳಿಗೂ ಇದು ಅನ್ವಯಿಸುವುದೇ.

ಇದು ಅಡುಗೆಯ ಮನೆಯೊಳಗೇ ಕಾಲಿಡುವ ನಿಯಮ. ನೀರು ಕುಡಿಯಲು ಯೋಗ್ಯವಾಗಿರಬೇಕು, ಉಗುರನ್ನು ಕತ್ತರಿಸಿರಬೇಕು, ಸಾಂಕ್ರಾಮಿಕ ರೋಗವುಳ್ಳವರು ಆಹಾರವನ್ನು ಮುಟ್ಟಬಾರದು, ಕಸಕ್ಕೆ ಮುಚ್ಚಳವಿರಬೇಕು ಎಂದು ಮೊದಲಾಗಿ ಹೇಳುವುದು. ಇದನ್ನು ನಾನು ಓದಿ ಹೇಳಿದಾಗ ತಂಗಿಯು, “ಅಣ್ಣಯ್ಯ, ನಾನು ಮಡಿಯುಟ್ಟು ಮಾಡುವವಳು, ನನಗೆ ಇದನ್ನು ಇವರು ಹೇಳಬೇಕೆ?” ಎಂದು ಸ್ವಲ್ಪ ಮುನಿಸಿಕೊಂಡಳು. ಮಡಿಯೂ ಶುಚಿಯೂ ಒಂದೇ ಅಲ್ಲವೆಂಬುದನ್ನು ಅವಳಿಗೆ ಹೇಳಬೇಕಾಯಿತು. ಯಾರು ಮುಟ್ಟಿದರು ಎಂಬುದು ಮಡಿಯ ಪ್ರಶ್ನೆ. ಮುಟ್ಟಿದ ಕೈ ಹೇಗಿದ್ದಿತು ಎಂಬುದು ಕಾಯಿದೆಯ ಪ್ರಶ್ನೆ. ನಮ್ಮ ಹಿತ್ತಲಿನ ಬಾವಿಯ ನೀರು ಮಡಿಗೆ ಪ್ರಶಸ್ತವಾದುದು. ಪರೀಕ್ಷೆಗೆ ಕಳುಹಿಸಿದಾಗ ಕುಡಿಯಲು ಯೋಗ್ಯವಲ್ಲವೆಂದು ಬರೆದುಬಂದಿತು. ಆ ಬಾವಿಯ ನೀರಿನಲ್ಲಿ ಈಗ ಹಿಟ್ಟನ್ನು ಕಲಸುವುದಿಲ್ಲ. ಹಿಟ್ಟು ಬಡಿಯಲು ಬರುವ ಇಬ್ಬರು ಹೆಂಗಸರಲ್ಲಿ ಒಬ್ಬಳು ಬೇರೆ ಬೀದಿಯವಳು, ಬೇರೆ ಜಾತಿಯವಳು. ಉಗುರು ಕತ್ತರಿಸಿ ಕೈತೊಳೆದು ಕುಳಿತವಳನ್ನು ಬೇಡವೆನ್ನಲು ಕಾಯಿದೆಯಲ್ಲಿ ಯಾವ ಆಧಾರವೂ ಇಲ್ಲವೆಂದು ತಂಗಿಯೇ ತೀರ್ಮಾನಿಸಿಕೊಂಡಳು. ನಾನು ಏನನ್ನೂ ಹೇಳಲಿಲ್ಲ.

ಪೊಟ್ಟಣದ ಮೇಲೆ ಬರೆಯಬೇಕಾದುದನ್ನು ಕುರಿತು ಮತ್ತೆ ಬೇರೆಯ ನಿಯಮಗಳುಂಟು. 2009ನೆಯ ಇಸವಿಯ ತೂಕ ಅಳತೆಗಳ ಕಾಯಿದೆಯೂ 2011ನೆಯ ಇಸವಿಯ ಪೊಟ್ಟಣಗಳ ನಿಯಮಗಳೂ ಸೇರಿ, ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು, ವರ್ಷ, ಬೆಲೆ, ದೂರು ಹೇಳಬೇಕಾದವರು ಕರೆಯಬೇಕಾದ ದೂರವಾಣಿಯ ಸಂಖ್ಯೆ ಇವಿಷ್ಟನ್ನೂ ಕೇಳುವುವು. ಹಪ್ಪಳವನ್ನು ನಾವು ನೂರರ ಲೆಕ್ಕದಲ್ಲಿ ಎಣಿಸುವವರು. ತೂಕಕ್ಕೆ ಬದಲಾಯಿಸಿಕೊಳ್ಳಲು ಅವಳಿಗೆ ಒಂದು ತಿಂಗಳು ಹಿಡಿಯಿತು. ತೆರಿಗೆಯ ವಿಚಾರದಲ್ಲಿ ಮಾತ್ರ ನನಗೆ ವಿನೋದವಾದ ಒಂದು ಸಂಗತಿಯು ಕಂಡುಬಂದಿತು. 2017ನೆಯ ಇಸವಿಯಲ್ಲಿ ಸರಕು ಮತ್ತು ಸೇವೆಗಳ ತೆರಿಗೆಯು ಬಂದಾಗ ಹಪ್ಪಳವನ್ನು ಅದರಿಂದ ಬಿಟ್ಟರು. ಅದನ್ನು ಯಾವ ಹೆಸರಿನಿಂದ ಕರೆದರೂ ತೆರಿಗೆಯಿಲ್ಲವೆಂದು ಅಧಿಸೂಚನೆಯಲ್ಲಿ ಸೇರಿಸಿರುವರು. ಎಲೆಯ ಮೇಲೆ ಬಡಿಸಿದರೆ ಆ ಮಾತು ಬೇರೆ. ನಾಮವು ಬೇರೆಯಾದರೂ ವಸ್ತುವು ಒಂದೇ ಎಂದು ಸಾಧಿಸಲು ವೇದಾಂತಿಗಳು ಎಷ್ಟೋ ಪುಟಗಳನ್ನು ವ್ಯಯಮಾಡಿರುವರು. ತೆರಿಗೆಯವರು ಒಂದೇ ಪಂಕ್ತಿಯಲ್ಲಿ ಮುಗಿಸಿದರು.

ಗ್ರಾಮ ಪಂಚಾಯತಿಯವರೂ ಪುರಸಭೆಯವರೂ ವಿಚಾರಿಸುವುದು ಮುಖ್ಯವಾಗಿ ಹೊಗೆ, ನಾತ, ಸದ್ದು, ಯಂತ್ರ ಇವುಗಳನ್ನು. ನೆರೆಯವನ ನಿದ್ರೆಯನ್ನು ಕೆಡಿಸದ ಕಸುಬನ್ನು ಅವರು ಸಾಮಾನ್ಯವಾಗಿ ಹುಡುಕಿಕೊಂಡು ಬರುವುದಿಲ್ಲ. ಇದು ಹಾಗಿರಲಿ.

ವಿದ್ಯುಚ್ಛಕ್ತಿಯ ದರಪಟ್ಟಿಯ ವಿಚಾರವನ್ನು ಮಾತ್ರ ಬಿಡಲಾರೆನು. ಮನೆಯ ದೀಪಕ್ಕೆ ಒಂದು ದರ, ಅಂಗಡಿಗೆ ಒಂದು ದರ, ಕಾರ್ಖಾನೆಗೆ ಒಂದು ದರ. ಸಂಡಿಗೆಯ ಅಕ್ಕಿಯನ್ನು ರುಬ್ಬುವ ಯಂತ್ರವು ನಮ್ಮ ಹಜಾರದಲ್ಲಿಯೇ ಇರುವುದರಿಂದ, ನಮ್ಮ ಮನೆಯು ಯಾವ ದರಕ್ಕೆ ಸೇರಿದುದು ಎಂಬ ಸಂಶಯವು ಹುಟ್ಟಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಗಳಲ್ಲಿ ಬಹುವರ್ಷಗಳಿಂದ ಬಂದ ಒಂದು ಟಿಪ್ಪಣಿಯುಂಟು. ಮನೆಯ ಒಂದು ಭಾಗದಲ್ಲಿ ವಾಸಿಯು ಇಂಥಿಂಥ ಕಸುಬುಗಳನ್ನು ನಡೆಸಿದರೂ ಮನೆಯ ದರವೇ ಸಲ್ಲುವುದೆಂದು ಅದರ ಅಭಿಪ್ರಾಯ. ಆ ಕಸುಬುಗಳು ಯಾವುವು ಎಂದರೆ: ಕೈಮಗ್ಗದ ನೇಯ್ಗೆ, ರೇಷ್ಮೆಹುಳು ಸಾಕುವುದು, ನೂಲು ತೆಗೆಯುವುದು, 200 ವಾಟ್‌ಗಳನ್ನು ಮೀರದ ಮೋಟಾರನ್ನು ಬಳಸುವ ಕುಶಲಕರ್ಮಿಗಳು, ವಾಸ್ತುಶಿಲ್ಪ, ವೈದ್ಯ, ಜ್ಯೋತಿಷ, ನ್ಯಾಯ, ವರಮಾನತೆರಿಗೆ ಇವುಗಳಲ್ಲಿ ಸಲಹೆ ಹೇಳುವವರು, ಬೆರಳಚ್ಚು, ಹೊಲಿಗೆ, ಅಂಚೆಯ ಕಚೇರಿ, ಅಕ್ಕಸಾಲೆ, ಚಾಕಿ ಸಾಕಾಣಿಕೆ, ಅಗಸರು, ಕೈಯಿಂದ ನಡೆಸುವ ಅಚ್ಚಿನ ಯಂತ್ರ, ಸೌಂದರ್ಯಾಲಯ. ಕಾನೂನಿನ ಗದ್ಯದಲ್ಲಿ ಇಷ್ಟು ಜೀವಂತವಾದ ಪುಟವನ್ನು ನಾನು ಬೇರೆಡೆಯಲ್ಲಿ ಕಂಡಿಲ್ಲ. ವೈದ್ಯನಿಗೂ ವಕೀಲನಿಗೂ ನಡುವೆ ಜೋಯಿಸನನ್ನು ಕೂರಿಸಿದವರು ನಮ್ಮ ಬೀದಿಗಳನ್ನು ಚೆನ್ನಾಗಿ ಬಲ್ಲವರಾಗಿರಬೇಕು!

ಆದರೆ ಹಪ್ಪಳ ಒತ್ತುವವಳು ಆ ಪಟ್ಟಿಯಲ್ಲಿ ಹೆಸರಿನಿಂದ ಕಾಣಲಿಲ್ಲ. ಎಲ್ಲ ಮನೆಗಳಲ್ಲಿಯೂ ಇರುವವಳಾದುದರಿಂದಲೇ ಅವಳು ಕಣ್ಣಿಗೆ ಬೀಳಲಿಲ್ಲವೋ ಏನೋ. ಕುಶಲಕರ್ಮಿಯೆಂಬ ಶಬ್ದದಲ್ಲಿ ಅವಳು ಅಂತರ್ಗತಳಾಗುವಳೆಂದು ನಾನು ವಾದಿಸುವೆನು. ಉದ್ದಿನ ಹಿಟ್ಟಿಗೆ ಇಂಗು, ಮೆಣಸು, ಹಪ್ಪಳದ ಖಾರಗಳನ್ನು ಹದವರಿತು ಬೆರಸಿ, ಬಿಸಿಲಿನ ಕಾವನ್ನು ನೋಡಿಕೊಂಡು, ಕಾಗದಕ್ಕಿಂತ ತೆಳ್ಳಗೆ ಒಂದೇ ಸಮನಾಗಿ ಒತ್ತುವ ಕೈಯು ಅಕ್ಕಸಾಲಿಗನ ಕೈಗೆ ಯಾವ ಅಂಶದಲ್ಲಿ ಕಡಮೆ? ಕುಶಲಕರ್ಮಿಗೆ ಸಂಸ್ಕೃತದಲ್ಲಿ ಕಾರುವೆಂದು ಹೆಸರು. ಅವನ ಕೈಯು ಕೆಲಸದಲ್ಲಿರುವಾಗ ಅದಕ್ಕೆ ಅಶೌಚವಿಲ್ಲವೆಂಬ ಅಭಿಪ್ರಾಯವನ್ನು, ನಿಷೇಧದ ಪಟ್ಟಿಯನ್ನು ಬರೆದ ಅದೇ ಸ್ಮೃತಿಕಾರನು ಐದನೆಯ ಅಧ್ಯಾಯದಲ್ಲಿ ಹೇಳಿರುವನು. ನಮ್ಮ ರುಬ್ಬುವ ಯಂತ್ರವು 150 ವಾಟ್‌ಗಳದು. ಆ ಮಿತಿಯೊಳಗೇ ಇದೆ.

ಮನೆಯಿಂದ ಹೊರಗೆ ಬಾರದೆ ದುಡಿಯುವ ಹೆಂಗಸನ್ನು ಕಾನೂನು ಹೆಸರಿಟ್ಟು ಕಂಡ ಪ್ರಾಚೀನ ಸ್ಥಳವು ಒಂದುಂಟು. ಅದನ್ನು ಲೋಕಕ್ಕೆ ಮರಳಿ ದೊರಕಿಸಿದವರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಸಂಗತಿ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ನೆಯ ಇಸವಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನು ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನ, ಎಂದರೆ ನೂಲು ನೇಯ್ಗೆಗಳ ಅಧಿಕಾರಿಯ ಪ್ರಕರಣವಿದೆ. ವಿಧವೆಯರು, ಅಂಗವಿಕಲರು, ಕನ್ಯೆಯರು, ಗಂಡನು ದೂರದೇಶಕ್ಕೆ ಹೋಗಿರುವವರು ಇವರಲ್ಲಿ ಮನೆಯಿಂದ ಹೊರಗೆ ಬಾರದೆ ತಮ್ಮ ಜೀವನವನ್ನು ತಾವೇ ಸಂಪಾದಿಸಿಕೊಳ್ಳಬೇಕೆನ್ನುವವರಿಗೆ ಅಧಿಕಾರಿಯು ತನ್ನ ದಾಸಿಯರ ಮೂಲಕ, ಗೌರವದಿಂದ, ನೂಲುವ ಕೆಲಸವನ್ನು ಕಳುಹಿಸಿಕೊಡತಕ್ಕದ್ದು. ಬೆಳಗಿನ ಜಾವದಲ್ಲಿ ತಾವೇ ನೂಲುಶಾಲೆಗೆ ಬರುವವರಿಂದ ನೂಲನ್ನು ತೆಗೆದುಕೊಂಡು ಒಡನೆಯೇ ಕೂಲಿಯನ್ನು ಕೊಡತಕ್ಕದ್ದು. ದೀಪವು ನೂಲನ್ನು ಪರೀಕ್ಷಿಸುವುದಕ್ಕೆ ಬೇಕಾದಷ್ಟು ಮಾತ್ರವೇ ಇರತಕ್ಕದ್ದು. ಹೆಂಗಸಿನ ಮುಖವನ್ನು ನೋಡಿದರೆ, ಕೆಲಸಕ್ಕೆ ಸಂಬಂಧಪಡದ ಮಾತನ್ನಾಡಿದರೆ ಅಧಿಕಾರಿಗೆ ಪ್ರಥಮಸಾಹಸ ದಂಡ. ಕೂಲಿಯನ್ನು ಕೊಡುವ ಹೊತ್ತನ್ನು ಮೀರಿಸಿದರೆ ಅದಕ್ಕಿಂತ ಹೆಚ್ಚಿನ ಮಧ್ಯಮಸಾಹಸ ದಂಡ. ಮುಖವನ್ನು ನೋಡಿದುದಕ್ಕಿಂತ ಕೂಲಿಯನ್ನು ತಡಮಾಡಿದುದು ದೊಡ್ಡ ಅಪರಾಧ! ಕೌಟಿಲ್ಯನನ್ನು ನಿರ್ದಯನೆಂದು ಜರೆಯುವವರು ಈ ಪ್ರಕರಣವನ್ನು ಓದಿಲ್ಲವೆಂದೇ ನಾನು ತಿಳಿಯುವೆನು. ಅವನು ರಾಜನ ಬೊಕ್ಕಸಕ್ಕಾಗಿಯೇ ಇದನ್ನು ಬರೆದನೆಂಬುದು ನಿಜವಾದರೂ, ದೀಪದ ಬೆಳಕನ್ನು ನೂಲಿನ ಮೇಲೆ ಬೀಳುವಂತೆ ಇಟ್ಟು ಮುಖವನ್ನು ಕತ್ತಲೆಯಲ್ಲಿ ಬಿಟ್ಟ ಆ ಸೂಕ್ಷ್ಮತೆಯು ಈಗಿನ ಯಾವ ನಿಯಮಾವಳಿಯಲ್ಲಿದೆ?

ಬೆಳಗಿನ ಜಾವದಲ್ಲಿ ಸರಕನ್ನು ಕೊಟ್ಟು ಕೂಲಿಯನ್ನು ಪಡೆಯುವ ಪದ್ಧತಿಯು ಹಪ್ಪಳದ ವಿಚಾರದಲ್ಲಿಯೇ ನಮ್ಮ ಕಾಲದಲ್ಲಿ ಮರಳಿ ಕಾಣಿಸಿಕೊಂಡಿತು. ರೇಷ್ಮೆಯ ಕಾಯಿದೆಯು ಬಂದ 1959ನೆಯ ಇಸವಿಯಲ್ಲಿಯೇ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳುಮಂದಿ ಹೆಂಗಸರು 80 ರೂಪಾಯಿಗಳ ಸಾಲವನ್ನು ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಲಾರಂಭಿಸಿದರು. ಅದೇ ಈಗಿನ ಲಿಜ್ಜತ್ ಸಂಸ್ಥೆ. ಅದರ ಸದಸ್ಯೆಯರು ಬೆಳಗಾಗುವ ಮುನ್ನವೇ ಬಂದು ಹಿಂದಿನ ದಿನ ಮನೆಯಲ್ಲಿ ಒತ್ತಿ ಒಣಗಿಸಿದ ಹಪ್ಪಳವನ್ನು ತೂಗಿ ಒಪ್ಪಿಸಿ, ಕೂಲಿಯನ್ನು ತೆಗೆದುಕೊಂಡು, ಕಲಸಿದ ಹಿಟ್ಟನ್ನು ಮನೆಗೆ ಒಯ್ಯುವರು. ಅವರ ಮನೆಗಳು ಶುಚಿಯಾಗಿರುವುವೆ ಎಂದು ಸಂಸ್ಥೆಯವರೇ ಹೋಗಿ ನೋಡುವರು. ಆದರೆ ನೋಡುವವಳೂ ಒಂದು ಕಾಲಕ್ಕೆ ಹಪ್ಪಳ ಒತ್ತಿದವಳೇ. ನನ್ನ ತಂಗಿಯು ಇದನ್ನು ಕೇಳಿ, ಹಿಟ್ಟು ಬಡಿಯಲು ಬರುವವರಿಗೆ ತಿಂಗಳ ಕೊನೆಯಲ್ಲಿ ಕೊಡುತ್ತಿದ್ದ ದುಡ್ಡನ್ನು ಅಂದಂದಿಗೇ ಕೊಡಲು ಪ್ರಾರಂಭಿಸಿದಳು.

ಪರರಿಗಾಗಿ ಮನೆಯಲ್ಲಿ ದುಡಿಯುವವರ ವಿಚಾರವು ಬೇರೆ. ಬೀಡಿ ಕಟ್ಟುವವರಿಗಾಗಿ 1966ರಲ್ಲಿ ಬಂದ ಕಾಯಿದೆಯು, ಮನೆಯಲ್ಲಿ ಕುಳಿತು ಮಾಲೀಕನಿಗೆ ದುಡಿಯುವವಳನ್ನೂ ಕೆಲಸಗಾರಳೆಂದು ಗಣಿಸಿತು. ತನ್ನ ಮನೆಯವರೊಡನೆ ತನಗಾಗಿಯೇ ದುಡಿಯುವವನನ್ನು ಬಿಟ್ಟುಬಿಟ್ಟಿತು. 2025ನೆಯ ಇಸವಿ ನವೆಂಬರ್ 21ರಿಂದ ಹೊಸ ಸಂಹಿತೆಗಳು ಅದರ ಸ್ಥಾನಕ್ಕೆ ಬಂದಿರುವುವು. ಮನೆಗೆಲಸದ ದುಡಿಮೆಯನ್ನು ಕುರಿತು 1996ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ ಒಪ್ಪಂದಕ್ಕೆ ನಮ್ಮ ದೇಶವು ಇನ್ನೂ ಸಹಿಹಾಕಿಲ್ಲ.

ಈ ಎಲ್ಲ ಕಾಗದಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದುದು ಅತ್ಯಂತ ಚಿಕ್ಕದು. ಅರ್ಜಿಯನ್ನು ತುಂಬಿಕೊಡುವ ಗಣಕಯಂತ್ರದ ಅಂಗಡಿಯ ಹುಡುಗನು, “ಮನೆ ಅಮ್ಮನವರ ಹೆಸರಿನಲ್ಲಿ ಇಲ್ಲವಲ್ಲ ಮೇಷ್ಟ್ರೇ, ಯಜಮಾನರ ಒಪ್ಪಿಗೆಪತ್ರ ಬೇಕಾಗುತ್ತದೆ” ಎಂದನು. ಯಜಮಾನನು ನಾನು. ಮನೆಯು ನಮ್ಮ ಪಿತ್ರಾರ್ಜಿತ; ತಂದೆಯವರು ಬದುಕಿದ್ದಾಗಲೇ, 1996ರಲ್ಲಿ, ನೋಂದಣಿಯಾದ ವಿಭಾಗಪತ್ರದಂತೆ ನನ್ನ ಪಾಲಿಗೆ ಬಂದುದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕುಂಟೆಂದು ಕರ್ನಾಟಕದ ತಿದ್ದುಪಡಿಯು ಜಾರಿಗೆ ಬಂದುದು 1994ನೆಯ ಇಸವಿ ಜುಲೈ 30ರಂದು. ಅಷ್ಟರೊಳಗೆ ಮದುವೆಯಾದವರಿಗೆ ಅದು ಸಲ್ಲಲಿಲ್ಲ; ನನ್ನ ತಂಗಿಯ ಮದುವೆ 1987ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿಯು 2005ನೆಯ ಇಸವಿ ಸೆಪ್ಟೆಂಬರ್ 9ರಂದು ಬಂದಿತು. ಅದು ಮದುವೆಯಾದವರನ್ನೂ ಸೇರಿಸಿಕೊಂಡಿತು, ಆದರೆ ಹಿಂದೆಯೇ ನೋಂದಣಿಯಾಗಿದ್ದ ವಿಭಾಗಗಳನ್ನು ಮುಟ್ಟಲಿಲ್ಲ. ಹೀಗೆ ಎರಡು ಕಾಯಿದೆಗಳ ನಡುವಣ ಸಂದಿನಲ್ಲಿ ಅವಳು ಉಳಿದಳು. ಈ ಅಡುಗೆಮನೆಯಲ್ಲಿ ಹದಿನೈದು ವರ್ಷಗಳಿಂದ ಒಲೆ ಹಚ್ಚುತ್ತಿರುವವಳು ಅವಳು. ಅಲ್ಲಿ ಹಪ್ಪಳ ಮಾಡಲು ಅವಳಿಗೆ ಅಡ್ಡಿಯಿಲ್ಲವೆಂದು ಬರೆದುಕೊಡಬೇಕಾದವನು, ಉಪ್ಪಿನ ಜಾಡಿಯು ಎಲ್ಲಿದೆಯೆಂದು ಅರಿಯದ ನಾನು.

ನನ್ನ ಹೆಂಡತಿಯು ಈ ಮಾತನ್ನು ಕೇಳಿ, “ಒಪ್ಪಿಗೆಯನ್ನು ಕೊಡಬೇಕಾದವಳು ನಾನಲ್ಲವೆ?” ಎಂದು ನಕ್ಕಳು. ಅದೂ ನಿಜವೇ.

ಪತ್ರವನ್ನು ಬರೆಯಲು ಕುಳಿತೆನು. ಮೂವತ್ತು ವರ್ಷಗಳ ಮೇಲೆ ಪತ್ರಲೇಖನವನ್ನು ಹುಡುಗರಿಗೆ ಕಲಿಸಿದವನಿಗೆ ನಾಲ್ಕು ಪಂಕ್ತಿಗಳಿಗೆ ಒಂದು ಸಾಯಂಕಾಲವು ಹಿಡಿಯಿತು. ‘ನನ್ನ ಆಶ್ರಯದಲ್ಲಿರುವ ತಂಗಿ’ ಎಂದು ಬರೆದುದನ್ನು ಅವಳು ಭುಜದ ಮೇಲಿಂದ ಓದಿ, “ಆಶ್ರಯ ಎಂಬುದು ಬೇಡ ಅಣ್ಣಯ್ಯ” ಎಂದಳು. ಹೊಡೆದುಹಾಕಿದೆನು. ‘ಒಡಹುಟ್ಟಿದ ತಂಗಿ, ಸದರಿ ಮನೆಯ ನಿವಾಸಿ’ ಎಂದು ತಿದ್ದಿದೆನು. ಅವಧಿಯನ್ನು ಕಾಣಿಸಬೇಕೆಂದು ಆ ಹುಡುಗನು ಹೇಳಿದ್ದನು. ಐದು ವರ್ಷವೆಂದು ಬರೆಯಲೆ ಎಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಇರುವವರೆಗೆ ಎಂದು ಬರೆ” ಎಂದಳು. ಹಾಗೆಯೇ ಬರೆದು ರುಜುಹಾಕಿದೆನು. ಆ ಪತ್ರದ ಮೂಲಪ್ರತಿಯು ಈಗ ವಿಭಾಗಪತ್ರವಿರುವ ತಗಡಿನ ಪೆಟ್ಟಿಗೆಯಲ್ಲಿಯೇ ಇದೆ. ಪೆಟ್ಟಿಗೆಯ ಬೀಗದ ಕೈಗಳಲ್ಲಿ ಒಂದು ಅವಳ ಸೆರಗಿನಲ್ಲಿದೆ. ಪೊಟ್ಟಣದ ಚೀಟಿಗಳು ಮದ್ದೂರಿನಲ್ಲಿ ಅಚ್ಚಾಗಿ ಬಂದುವು. ತಯಾರಿಸಿದವರು ಎಂಬ ಕಡೆಯಲ್ಲಿ ಅವಳ ಹೆಸರು, ವಿಳಾಸದಲ್ಲಿ ನಮ್ಮ ಬಾಗಿಲಿನ ಸಂಖ್ಯೆ. ಮೊದಲನೆಯ ಕಟ್ಟಿನಲ್ಲಿ ತೂಕವನ್ನು ತಪ್ಪಾಗಿ ಅಚ್ಚುಹಾಕಿದ್ದರು. ಅವುಗಳನ್ನು ಹಿಂದಕ್ಕೆ ಕಳುಹಿಸಿದಳು. ಮಾಘ ಕಳೆದು ಬಿಸಿಲು ಬಲಿತೊಡನೆ ಮಾಳಿಗೆಯ ಮೇಲೆ ಅಕ್ಕಿಸಂಡಿಗೆಯನ್ನು ಇಡುವಳಂತೆ. ಕಾಗೆ ಕಾಯುವ ಕೆಲಸವು ನನಗೆ.